ಗಾರೊನನ್ನು ಬಿಟ್ಟವಳು

ದುನ್ಯಾ ಡೇರೆಯ ಹಿಂದೆ ಕಾಫಿಗೆ ನೀರು ಕಾಯಿಸುತ್ತಿದ್ದಳು. ಮುಂದುಗಡೆ ಪೈನ್ ಮರಕ್ಕೆ ಒರಗಿ ವೆಸ್ಕೊ ಫೋನಿನಲ್ಲಿ ಮಾತಾಡುತ್ತಿದ್ದ. ನಡುವೆ ಇದ್ದದ್ದು ತೆಳು ಬಟ್ಟೆಯೊಂದೇ. ಕೇಳಿಸಿಕೊಳ್ಳಬಾರದು ಎಂದುಕೊಳ್ಳುವಷ್ಟರಲ್ಲಿ ಮಾತು ಕಿವಿಗೆ ಬಿದ್ದುಬಿಟ್ಟಿತ್ತು.

"ಯಾರೂ ಇಲ್ಲ ಸಾನ್ಯಾ. ನಾನು, ಗಾರೊ, ಬೆಟ್ಟ. ಅಷ್ಟೇ."

ಆಮೇಲೆ ಅವನು ನಕ್ಕ. ದುನ್ಯಾಳಿಗೆ ಇಷ್ಟವಾಗಿದ್ದ, ಅವಳದೇ ಎಂದುಕೊಂಡಿದ್ದ ಆ ಮೆಲುನಗೆ.

ಸಾನ್ಯಾ ವೆಸ್ಕೊನ ಹೆಂಡತಿಯಾಗಿದ್ದವಳು. ವಿಚ್ಛೇದನದಲ್ಲಿ ಮನೆ, ಕಾರು, ಸೋಫಾ ಎಲ್ಲ ಪಾಲಾಗಿ, ಪಾಲಾಗದೆ ಉಳಿದದ್ದು ಗಾರೊ ಒಬ್ಬನೇ. ಇಬ್ಬರೂ ಸೇರಿ ಮರಿಯಿಂದ ಸಾಕಿದ, ಕರಡಿಯಂಥ ಕಪ್ಪು ನಾಯಿ. ಅದು ವೆಸ್ಕೊನ ಬಳಿ ಇತ್ತು. ಅದರ ಕಿವಿನೋವು, ಊಟ, ನಿದ್ದೆ ವಿಚಾರಿಸಲು ಸಾನ್ಯಾ ಫೋನ್ ಮಾಡುತ್ತಲೇ ಇದ್ದಳು.

ದುನ್ಯಾ ವೆಸ್ಕೊನನ್ನು ಮೊದಲು ನೋಡಿದ್ದೂ ನಾಯಿಗಳಿಂದಲೇ. ಪೊಡ್ಗೊರಿತ್ಸಾ ನಗರದ ಪಶುವೈದ್ಯರ ಬಾಗಿಲಲ್ಲಿ ಅವಳ ಪುಟ್ಟ ನಾಯಿ ಬೂಬಾ ತನ್ನ ಹಗ್ಗವನ್ನು ಅವನ ಕಾಲಿಗೆ ಸುತ್ತಿ ನಿಂತಿತ್ತು. ಅವನು ಅಲ್ಲಾಡದೆ, ಗಂಭೀರವಾಗಿ, "ನಿಮ್ಮ ನಾಯಿ ನನ್ನನ್ನ ಅರೆಸ್ಟ್ ಮಾಡಿದೆ. ಒಂದು ಕಾಫಿ ಕೊಡಿಸಿದ್ರೆ ಬಿಡ್ತೀರಾ?" ಎಂದಿದ್ದ. ಅವಳು ಕನ್ನಡಕದ ಅಂಗಡಿಯವಳು. ದಿನವಿಡೀ ಜನರ ಕಣ್ಣೊಳಗೆ ನೋಡುವವಳು. ಆದರೂ ಆ ದಿನ ಅವನ ಕಣ್ಣನ್ನು ನೋಡಲಾಗದೆ ಹಗ್ಗ ಬಿಚ್ಚುವ ನೆಪದಲ್ಲಿ ಬಗ್ಗಿದ್ದಳು.

ಈಗಲೂ ಅವಳು ಬಗ್ಗಿ ಒಲೆ ಆರಿಸಿದಳು. ಎರಡೂ ನಾಯಿಗಳನ್ನು ಹಿಡಿದು ಕೆರೆಯ ಕಡೆ ಇಳಿದಳು.

ದುರ್ಮಿತೋರ್ ಬೆಟ್ಟದ ಆ ಕಾಡಿನಲ್ಲಿ ನಾಯಿಗಳನ್ನು ಹಗ್ಗ ಬಿಚ್ಚಿ ಬಿಡುವಂತಿರಲಿಲ್ಲ. ಬೂಬಾ ಕುಣಿಯುತ್ತ ಮುಂದೆ ಹೋಯಿತು. ಗಾರೊ ಮಾತ್ರ ದಾರಿಯ ನಡುವೆ ಕೂತುಬಿಟ್ಟ. ಎಳೆದಳು, ಪುಸಲಾಯಿಸಿದಳು. ಅವನು ತಲೆ ತಿರುಗಿಸಿ ಡೇರೆಯತ್ತಲೇ ನೋಡುತ್ತಿದ್ದ, ಇವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

"ನಿನಗೂ ನಾನು ಕಾಣ್ಸಲ್ವಾ?" ಎಂದಳು ದುನ್ಯಾ. "ಹೋಗು. ಅವನ ಹತ್ರಾನೇ ಹೋಗು."

ಕೊಕ್ಕೆ ಬಿಚ್ಚಿದಳು.

ಗಾರೊ ಡೇರೆಯ ಕಡೆ ಹೋಗುತ್ತಾನೆ ಎಂದುಕೊಂಡಿದ್ದಳು. ಅಷ್ಟರಲ್ಲಿ ಮೇಲಿನ ಬಂಡೆಯಿಂದ ಕಲ್ಲೊಂದು ಉರುಳಿತು, ಕಾಡುಮೇಕೆ ಇದ್ದಿರಬೇಕು. ಗಾರೊ ಮೂಗೆತ್ತಿದ, ಎದ್ದ, ಮರಗಳ ನಡುವೆ ಕರಿಯ ನೆರಳಿನಂತೆ ಹಾರಿ ಹೋದ. ಅವಳು ಗಂಟಲು ಹರಿಯುವಂತೆ ಕರೆದಳು. ಉತ್ತರ ಕೊಟ್ಟದ್ದು ಗುಡುಗು.

ಡೇರೆಗೆ ಓಡಿಬಂದಾಗ ವೆಸ್ಕೊ ಅವಳ ಕೈಯಲ್ಲಿದ್ದ ಬರೀ ಹಗ್ಗ ನೋಡಿದ.

"ಕೊಕ್ಕೆ ಕಳಚ್ಕೊಂಡ್ತು," ಎಂದಳು ಅವಳು. ಸುಳ್ಳು ಅಷ್ಟು ಸುಲಭವಾಗಿ ಬಾಯಿಗೆ ಬಂದದ್ದು ಅವಳಿಗೇ ಆಶ್ಚರ್ಯ.

ಅವನ ಮುಖ ಬಿಳಿಚಿತು. ಆ ಕೊಕ್ಕೆ ಸವೆದು ತಿಂಗಳುಗಳಾಗಿದ್ದವು. ಹೊಸದು ತರುತ್ತೇನೆ ಎನ್ನುತ್ತಲೇ ಅವನು ತಂತಿ ಸುತ್ತಿ ದಿನ ದೂಡಿದ್ದ. ಅವನು ಅವಳ ಅಂಗೈ ತಿರುಗಿಸಿ, ಹಗ್ಗ ಉಜ್ಜಿ ಗಾಯವಾಗಿದೆಯೇ ನೋಡಿದ. "ನಿಂಗೇನೂ ಆಗ್ಲಿಲ್ವಾ? ನಂದೇ ತಪ್ಪು ದುನ್ಯಾ. ನನ್ನ ಸೋಮಾರಿತನ," ಎಂದ.

ಆಗಲೇ ಹೇಳಬೇಕಿತ್ತು. ಅವಳು ಹೇಳಲಿಲ್ಲ.

ಸುರಿವ ಮಳೆಯಲ್ಲಿ ಕೆರೆಯ ಸುತ್ತ, ಬಂಡೆಗಳ ಸಂದಿಯಲ್ಲಿ, ತೊರೆಯ ಗುಂಟ ಹುಡುಕಿದರು. ನಡುವೆ ಅವನು ಸಾನ್ಯಾಳಿಗೆ ಫೋನ್ ಮಾಡಿದ. ಆ ಕಡೆಯಿಂದ ಅಳು, ಬೈಗುಳ ಎರಡೂ ದುನ್ಯಾ ನಿಂತಿದ್ದಲ್ಲಿಗೆ ಕೇಳಿಸಿದವು. ಅವನು ತಲೆ ತಗ್ಗಿಸಿ ಹೌದು, ಹೌದು ಎನ್ನುತ್ತಿದ್ದ. ಪ್ರತಿ ಹೌದೂ ಅವಳ ಬೆನ್ನಿಗೆ ಏಟಿನಂತೆ ಬಿತ್ತು.

ಸಂಜೆಗೆ ಮೇಲಿನ ಹುಲ್ಲುಗಾವಲಿನಲ್ಲಿ ಸ್ತಾನಾ ಎಂಬ ಅಜ್ಜಿಯ ಕುರಿಹಟ್ಟಿ ಸಿಕ್ಕಿತು. ಅಜ್ಜಿ ಕೇಳುವ ಮೊದಲೇ ಒಳಗೆ ಕರೆದು, ಒದ್ದೆ ಬಟ್ಟೆ ಬಿಚ್ಚಿಸಿ, ಕಚಮಾಕ್ ಎಂಬ ಬಿಸಿ ಜೋಳದ ಮುದ್ದೆಯ ಮೇಲೆ ಮೊಸರು ಸುರಿದು ಮುಂದಿಟ್ಟಳು. ವೆಸ್ಕೊ ನಡೆದದ್ದೆಲ್ಲ ಹೇಳಿದ. ಮಧ್ಯಾಹ್ನ ತನ್ನ ಕಾವಲು ನಾಯಿಗಳು ಕಣಿವೆಯ ಕಡೆ ಓಡಿ, ಯಾವುದರ ಜೊತೆಗೋ ಕಚ್ಚಾಡಿ ಬಂದವೆಂದಳು ಅಜ್ಜಿ. ಮಂಜು ಇಳಿದಿದೆ, ಈಗ ಹೋದರೆ ನೀವೂ ಬೀಳುತ್ತೀರಿ, ಬೆಳಕಾಗಲಿ ಎಂದಳು.

ದುನ್ಯಾ ಒಂದು ತುತ್ತೂ ನುಂಗಲಿಲ್ಲ. ಅಜ್ಜಿ ಅವಳನ್ನೇ ನೋಡಿದಳು. "ಇಷ್ಟು ಅಳ್ತೀಯಲ್ಲ ಮಗಳೇ, ನಾಯಿ ನಿಂದೇನಾ?"

"ನಂದು ಅಜ್ಜಿ," ಎಂದ ವೆಸ್ಕೊ. "ಆದ್ರೆ ಇವಳಿಗೆ ಅವನು ಅಂದ್ರೆ ಅಷ್ಟು ಪ್ರೀತಿ."

ದುನ್ಯಾ ಬೂಬಾಳ ಬೆನ್ನಿನಲ್ಲಿ ಮುಖ ಮುಚ್ಚಿಕೊಂಡಳು.

ಬೆಳಗ್ಗೆ ಗಾರೊನನ್ನು ಕಂಡದ್ದು ಅಜ್ಜಿ. ಕಣಿವೆಯಲ್ಲಿ ಕರಗದೆ ಉಳಿದ ಹಿಮದ ಪಕ್ಕ, ಬಂಡೆಯ ಕೆಳಗೆ ಮಲಗಿದ್ದ. ಕಾವಲು ನಾಯಿಗಳು ಹಿಂಗಾಲು ಸೀಳಿದ್ದವು. ವೆಸ್ಕೊನನ್ನು ಕಂಡು ಏಳಲು ನೋಡಿ, ಆಗದೆ, ಬಾಲವನ್ನಷ್ಟೇ ನೆಲಕ್ಕೆ ಬಡಿದ. ಅಜ್ಜಿ ಗಾಯಕ್ಕೆ ರಾಕಿಯಾ ಸಾರಾಯಿ ಸುರಿದು ಬಟ್ಟೆ ಕಟ್ಟಿದಳು. ಮೂಳೆ ಮುರಿದಿಲ್ಲ, ಹೊಲಿಗೆ ಹಾಕಿಸಿದರೆ ನಡೆಯುತ್ತಾನೆ ಎಂದಳು.

ವೆಸ್ಕೊ ನಾಯಿಯ ಹಣೆಗೆ ಹಣೆ ಹಚ್ಚಿ ಅತ್ತ. "ಕ್ಷಮಿಸೋ ಗಾರೊ. ಒಂದು ಕೊಕ್ಕೆ ತರ್ಲಿಲ್ಲ ನಾನು."

ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ಅವನು ಜೀವನವಿಡೀ ತನ್ನನ್ನೇ ಬೈದುಕೊಳ್ಳುತ್ತಿದ್ದ. ದುನ್ಯಾಳಿಗೆ ಅದು ಸಹಿಸಲಾಗಲಿಲ್ಲ.

"ಕೊಕ್ಕೆ ಕಳಚ್ಲಿಲ್ಲ ವೆಸ್ಕೊ. ನಾನೇ ಬಿಚ್ಚಿದೆ."

ಅಜ್ಜಿ ರಾಕಿಯಾ ಬಾಟಲಿ ಎತ್ತಿಕೊಂಡು ಕುರಿಗಳ ಕಡೆ ನಡೆದಳು.

ವೆಸ್ಕೊ ತಿರುಗಲಿಲ್ಲ. "ಯಾಕೆ?" ಎಂದ.

"'ಯಾರೂ ಇಲ್ಲ' ಅಂದೆ ನೀನು ಅವಳಿಗೆ. ನಾನು ನಿನಗೆ ಕಾಫಿ ಕಾಯಿಸ್ತಿದ್ದೆ." ಅವಳು ಕಣ್ಣೊರೆಸಿಕೊಂಡಳು. "ಅದು ನೆಪ ಅಂತ ಗೊತ್ತು. ನಾಯಿ ಏನ್ಮಾಡಿತ್ತು ಪಾಪ. ನಿನ್ನ ಮೇಲಿನ ಸಿಟ್ಟು ಅದರ ಮೇಲೆ ತೀರಿಸ್ಕೊಂಡೆ. ಆಮೇಲೆ ಸುಳ್ಳು ಹೇಳ್ದೆ. ನೀನು ಬೈಸ್ಕೊಳ್ತಿದ್ರೂ ನೋಡ್ತಾ ನಿಂತೆ."

ಅವನು ಗಾರೊನನ್ನು ತೋಳಲ್ಲಿ ಎತ್ತಿಕೊಂಡು ಇಳಿಯತೊಡಗಿದ. ಅವಳು ಎರಡು ಚೀಲ ಹೊತ್ತು, ಬೂಬಾಳನ್ನು ಹಿಡಿದು, ಸ್ವಲ್ಪ ದೂರದಿಂದ ಹಿಂಬಾಲಿಸಿದಳು. ಪೊಡ್ಗೊರಿತ್ಸಾಗೆ ಬಸ್ಸಿನಲ್ಲಿ ಒಬ್ಬಳೇ ಹೋಗಬೇಕಾದೀತು ಎಂದು ಮನಸ್ಸಿನಲ್ಲೇ ಸಿದ್ಧಳಾದಳು.

ದಾರಿ ಕಡಿದಾದಲ್ಲಿ ವೆಸ್ಕೊ ನಿಂತ. ನಾಯಿಯ ಭಾರಕ್ಕೆ ತೋಳುಗಳು ಸೋತಿದ್ದವು. ಗಾರೊನನ್ನು ಹುಲ್ಲಿನ ಮೇಲೆ ಮಲಗಿಸಿ, ಫೋನ್ ತೆಗೆದ. ದುನ್ಯಾ ದೂರ ಹೋಗಲು ನೋಡಿದಳು.

"ಇಲ್ಲೇ ಇರು," ಎಂದ ಅವನು.

ಗಾರೊ ಸಿಕ್ಕ, ಬದುಕಿದ್ದಾನೆ ಎಂದು ಸಾನ್ಯಾಳಿಗೆ ಹೇಳಿದ. ಆಮೇಲೆ ಉಸಿರೆಳೆದುಕೊಂಡ. "ನಿನ್ನೆ ನಾನು ಸುಳ್ಳು ಹೇಳ್ದೆ. ಒಬ್ಬನೇ ಬಂದಿಲ್ಲ. ದುನ್ಯಾ ಅಂತ ಒಬ್ಬಳಿದಾಳೆ, ನನ್ನ ಜೊತೆ, ತುಂಬಾ ದಿನದಿಂದ. ಗಾರೊನ ಬಿಟ್ಟಿದ್ದು ಅವಳು. ಬಿಡೋ ಹಾಗೆ ಮಾಡಿದ್ದು ನಾನು."

ಸಾನ್ಯಾ ಏನೋ ಚಿಕ್ಕದಾಗಿ ಹೇಳಿ ಫೋನ್ ಇಟ್ಟಳು.

"ಏನಂದ್ಲು?"

"'ಕಿವಿಗೆ ಔಷಧಿ ಮರೀಬೇಡ' ಅಂದ್ಲು." ಅವನ ಕಣ್ಣು ತುಂಬಿತ್ತು. "ಬಿಟ್ಟು ಬಂದೋನು ನಾನು ದುನ್ಯಾ. ಅವಳು ಇನ್ನೂ ಒಂಟಿ. ನಾನು ಸುಖವಾಗಿದೀನಿ ಅಂತ ಹೇಳೋಕೆ ನಾಚಿಕೆ ಆಗ್ತಿತ್ತು. ಅದಕ್ಕೆ ನೀನು ಇಲ್ಲ ಅಂದ್ಬಿಟ್ಟೆ."

ಅವಳು ಬಾಯಿ ತೆರೆದಳು. ಅವನು ಕೈ ಎತ್ತಿ ತಡೆದ.

"ನನಗೆ ಸಿಟ್ಟು ಹೋಗಿಲ್ಲ. ಇವತ್ತು ಹೋಗೋದೂ ಇಲ್ಲ."

"ಹೋಗೋ ತನಕ ಇರ್ತೀನಿ," ಎಂದಳು ದುನ್ಯಾ. "ಬೇಡ ಅಂದ್ರೆ ಮಾತ್ರ ಹೋಗ್ತೀನಿ."

ವೆಸ್ಕೊ ಬೇಡ ಎನ್ನಲಿಲ್ಲ. ಚೀಲದಿಂದ ಕಂಬಳಿ ಎಳೆದು ಹುಲ್ಲಿನ ಮೇಲೆ ಹಾಸಿದ. ಇಬ್ಬರೂ ಬಗ್ಗಿ ಗಾರೊನನ್ನು ಅದರ ಮೇಲೆ ಸರಿಸಿದರು. ದುನ್ಯಾಳ ಕೈ ಕಿವಿಯ ಬಳಿ ಬಂದಾಗ ನಾಯಿ ಒಮ್ಮೆ ಮೂಸಿ, ಅವಳ ಮಣಿಕಟ್ಟು ನೆಕ್ಕಿತು. ವೆಸ್ಕೊ ಬೈದಿದ್ದರೂ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

"ಆ ಕಡೆ ಹಿಡ್ಕೊ," ಎಂದ ವೆಸ್ಕೊ. "ಭಾರ ಇದಾನೆ. ಆಗುತ್ತಾ?"

"ಆಗುತ್ತೆ."

ಅವನು ಮುಂದೆ, ಅವಳು ಹಿಂದೆ, ನಡುವೆ ತೂಗುವ ಕಂಬಳಿ. ಮೊದಮೊದಲು ಹೆಜ್ಜೆ ಹೊಂದದೆ ಗಾರೊ ನರಳಿದ. ವೆಸ್ಕೊ ನಿಂತು, ಹಿಂತಿರುಗಿ ನೋಡಿದ. ಬೆಳಗಿನಿಂದ ಮೊದಲ ಬಾರಿಗೆ ಅವಳ ಕಣ್ಣೊಳಗೇ.

"ನಿನ್ನ ಹೆಜ್ಜೆ ಹೇಳ್ತಾ ಹೋಗು," ಎಂದ. "ನಾನು ಅದಕ್ಕೆ ಸರಿಯಾಗಿ ಇಡ್ತೀನಿ."

"ಎಡ," ಎಂದಳು ದುನ್ಯಾ. "ಬಲ. ಎಡ."