ಆಚೆ ಹೋದವನು

ಮಂಗಳವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸಿನ ಕೈಯಲ್ಲಿ ತಮ್ಮನ ಫೋಟೊ ಇತ್ತು. ಯಾವುದೋ ಗುಂಪುಚಿತ್ರದಿಂದ ಕತ್ತರಿಸಿ ತಂದದ್ದು. ಪಕ್ಕದವರ ಭುಜವೊಂದು ಇನ್ನೂ ಅಂಟಿಕೊಂಡಿತ್ತು. ದಫೇದಾರ ಕುರ್ಚಿ ತೋರಿಸಿದ.

"ತಮ್ಮ ಕಾಡಿಗೆ ಹೋಗಿದ್ದ ಸಾರ್, ಶುಕ್ರವಾರ. ಭಾನುವಾರ ಸಂಜೆಗೆಲ್ಲ ಬರ್ಬೇಕಿತ್ತು."

"ಒಬ್ನೇನಾ?"

"ಕ್ಯಾಪ್ಟನ್ ಜೊತೆ. ಹಾಗಂತ ಎಲ್ಲರೂ ಕರೀತಾರೆ, ಸ್ಕೂಲಲ್ಲಿ ಪಿ.ಟಿ. ಮೇಷ್ಟ್ರು. ಅವರು ವಾಪಸ್ ಬಂದಿದಾರೆ. ನಿನ್ನೆ ಫೋನ್ ಮಾಡಿದ್ದಕ್ಕೆ 'ಅವನು ಆಚೆ ಹೋಗಿದಾನೆ ಅಕ್ಕಾ, ಬರ್ತಾನೆ' ಅಂದ್ರು. ಎಲ್ಲೋ ಊರು ಸುತ್ತೋಕೆ ಹೋಗಿರ್ಬೇಕು ಅಂದ್ಕೊಂಡೆ. ಇವತ್ತೂ ಫೋನ್ ಆಫ್."

"ಮನೇಲಿ ಜಗಳ ಗಿಗಳ? ಹುಡುಗಿ ಗಿಡುಗಿ?"

"ಹುಡುಗಿ ಇದ್ದಿದ್ರೆ ಕಾಡಿಗ್ಯಾಕೆ ಹೋಗ್ತಿದ್ದ ಸಾರ್?"

ದಫೇದಾರನಿಗೆ ನಗು ಬಂತು. ಒಳಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ಇನ್‌ಸ್ಪೆಕ್ಟರ್ ಎದ್ದು ಬಂದಳು. ಅವಳಿಗೆ ನಗು ಬರಲಿಲ್ಲ. ಈ ಠಾಣೆಗೆ ವರ್ಗವಾಗಿ ಬಂದಮೇಲೆ ಆ ಕಾಡು ಅವಳಿಗೆ ಮೂರು ಸಲ ಕೆಲಸ ಕೊಟ್ಟಿತ್ತು. ಅಲ್ಲಿ ರಸ್ತೆಯಿಲ್ಲ, ಸೇತುವೆಯಿಲ್ಲ, ದಾರಿ ತೋರಿಸುವ ಒಂದು ಬಾಣದ ಗುರುತೂ ಇಲ್ಲ. 'ಇಲ್ಲಿ ಯಾವ ಸೌಲಭ್ಯವೂ ಇರುವುದಿಲ್ಲ' ಎಂದು ಅರಣ್ಯ ಇಲಾಖೆಯೇ ಗೇಟಿನಲ್ಲಿ ಬರೆಸಿ ಹಾಕಿತ್ತು. ಎಚ್ಚರಿಕೆಗೆಂದು ಬರೆಸಿದ್ದು ಜಾಹೀರಾತಾಗಿ, ಜನ ಅದನ್ನು ಓದಿಯೇ ಬೆನ್ನಿಗೆ ಚೀಲ ಏರಿಸಿಕೊಂಡು ಬರುತ್ತಿದ್ದರು.

"ಗೇಟಿಗೆ ಫೋನ್ ಹಾಕ್ರಿ" ಎಂದಳು.

ದಫೇದಾರ ಫೋನ್ ಹಚ್ಚಿದ. ಆ ಕಡೆ ಗೇಟು ಕಾಯುವ ವಾಚರನ ದನಿ ಇಡೀ ಠಾಣೆಗೆ ಕೇಳುವಷ್ಟು ದೊಡ್ಡದಿತ್ತು. "ಶುಕ್ರವಾರ ಹೋದ ಇಬ್ಬರಾ? ಇಬ್ಬರೂ ಭಾನುವಾರಾನೇ ಆಚೆ ಬಂದಾಯ್ತು ಸ್ವಾಮಿ. ಬೋರ್ಡ್ ಮೇಲೆ ಇದೆ. ಒಳಗೆ ಅವರ ಕಡೆಯೋರು ಯಾರೂ ಇಲ್ಲ."

ಅಲ್ಲಿಗೆ ಕಾಡಿನ ಬಾಬತ್ತು ಮುಗಿಯಿತು. 'ಕಾಡಿನಿಂದ ಹೊರಬಂದ ನಂತರ ಕಾಣೆಯಾಗಿರುತ್ತಾನೆ' ಎಂದು ಇನ್‌ಸ್ಪೆಕ್ಟರ್ ತಾನೇ ಹೇಳಿ ಎಫ್‌ಐಆರ್ ಬರೆಸಿದಳು. ಇಬ್ಬರು ಕಾನ್‌ಸ್ಟೆಬಲ್‌ಗಳು ಬಸ್ ನಿಲ್ದಾಣಕ್ಕೂ ಲಾಡ್ಜುಗಳಿಗೂ ಹೋದರು. ದಫೇದಾರ ಆಸ್ಪತ್ರೆಗಳನ್ನು ಸುತ್ತಿದ. ಕ್ಯಾಪ್ಟನ್ ಫೋನ್ ಎತ್ತಲಿಲ್ಲ. ಮನೆಗೆ ಹೋದರೆ ಬೀಗ. ಕಾಣೆಯಾದ ತಮ್ಮ ಕೆಲಸ ಮಾಡುತ್ತಿದ್ದ ಕನ್ನಡಕದ ಅಂಗಡಿಯಲ್ಲಿ ಮಾಲೀಕ, ಅವನು ಅರ್ಧ ಉಜ್ಜಿಟ್ಟ ಗಾಜುಗಳನ್ನು ತೋರಿಸಿ, "ಗಿರಾಕಿ ದಿನಾ ಬಂದು ಬೈದು ಹೋಗ್ತಿದಾನೆ, ಸಿಕ್ಕಿದ್ರೆ ಹೇಳಿ" ಎಂದ. ಹೊರಗೆ ಭಾನುವಾರ ರಾತ್ರಿ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಸಂಜೆ ಎಲ್ಲರೂ ಬರಿಗೈಲಿ ತೊಯ್ದುಕೊಂಡು ಬಂದರು.

ಬುಧವಾರ ಇನ್‌ಸ್ಪೆಕ್ಟರ್ ಶಾಲೆಗೆ ಹೋದಾಗ ಮಳೆ ನಿಂತಿತ್ತು. ಕ್ಯಾಪ್ಟನ್ ಮೈದಾನದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದ. ಕಟ್ಟುಮಸ್ತು ಆಳು. ಚಪ್ಪಾಳೆ ತಟ್ಟಿ ತಟ್ಟಿ ಎಡ ಬಲ ಹೇಳುತ್ತಿದ್ದ. ಪಿ.ಟಿ. ಮೇಷ್ಟ್ರ ಕೊರಳಲ್ಲಿ ಸೀಟಿ ಇಲ್ಲದಿರುವುದು ಅವಳ ಕಣ್ಣಿಗೆ ಬಿತ್ತು, ಆದರೆ ಅದೊಂದು ಕೇಳುವ ಮಾತೆಂದು ಆಗ ಅನ್ನಿಸಲಿಲ್ಲ.

"ನಿನ್ನೆ ಎಲ್ಲಿದ್ರಿ?"

"ಹೆಂಡತಿ ತವರಲ್ಲಿದಾಳೆ. ನೋಡ್ಕೊಂಡು ಬರೋಕೆ ಹೋಗಿದ್ದೆ."

"ಕಾಡಲ್ಲಿ ಇಬ್ಬರೂ ಎಲ್ಲಿ ಬೇರೆಯಾದ್ರಿ?"

"ಹೊಳೆ ಹತ್ರ. ಭಾನುವಾರ ಬೆಳಿಗ್ಗೆ. ಅವನು ಆಚೆ ಹೋದ. ನಾನು ವಾಪಸ್ ಬಂದೆ."

ಬರೆದುಕೊಳ್ಳುತ್ತಿದ್ದ ಅವಳ ಪೆನ್ನು ನಿಂತಿತು.

"ಯಾವ ಆಚೆ?"

"ಅಂದ್ರೆ?"

"ಆಚೆ ಅಂದ್ರೆ ಕಾಡಿಂದ ಆಚೆನಾ?"

ಕ್ಯಾಪ್ಟನ್ ಮಕ್ಕಳ ಕಡೆ ನೋಡಿದ. "ಹೊಳೆ ಆಚೆ ಮೇಡಂ. ದಾಟಿ ಹೋದ. ಬೇಡ ಅಂದೆ, ಕೇಳ್ಲಿಲ್ಲ. ಆ ಕಡೆ ಬೆಟ್ಟ ನೋಡ್ಕೊಂಡು ಆಮೇಲೆ ಬರ್ತೀನಿ ಅಂದ."

"ಗೇಟಲ್ಲಿ ಏನು ಹೇಳಿದ್ರಿ?"

"ಆಚೆ ಹೋದ ಅಂತಾನೇ ಹೇಳಿದ್ದು. ಅವರು ಏನು ಅಂದ್ಕೊಂಡ್ರೋ ನನಗೇನು ಗೊತ್ತು?"

ಮಾತಿನಲ್ಲಿ ತಪ್ಪು ಹಿಡಿಯುವಂಥದ್ದು ಏನೂ ಇರಲಿಲ್ಲ. ಆದರೂ ದಫೇದಾರನನ್ನು ಕರೆದುಕೊಂಡು ನೇರ ಗೇಟಿಗೆ ಜೀಪು ಓಡಿಸಿದಳು.

ತಗಡಿನ ಗುಡಿಸಲಿನ ಗೋಡೆಗೆ ಕರಿಹಲಗೆ. ನಡುವೆ ಗೆರೆ ಎಳೆದು ಎಡಕ್ಕೆ 'ಒಳಗೆ', ಬಲಕ್ಕೆ 'ಆಚೆ' ಎಂದು ಬರೆದಿತ್ತು. ಹೋದವರ ಸಂಖ್ಯೆ ಎಡಕ್ಕೆ. ಬಂದಾಗ ಒರೆಸಿ ಬಲಕ್ಕೆ. ಇಷ್ಟೇ ಅಲ್ಲಿನ ವ್ಯವಸ್ಥೆ.

"ಕ್ಯಾಪ್ಟನ್ ಬಂದಾಗ ಜೊತೆಗೆ ಯಾರಿದ್ರು?"

"ಒಬ್ಬರೇ ಬಂದ್ರು ಮೇಡಂ. ಇನ್ನೊಬ್ಬರೆಲ್ಲಿ ಅಂದೆ. ಆಗಲೇ ಆಚೆ ಹೋದ್ರು ಅಂದ್ರು. ಎರಡನ್ನೂ ಒರೆಸಿ ಈ ಕಡೆ ಹಾಕಿದೆ."

"ನೀವು ಇಲ್ಲೇ ಕೂತಿರ್ತೀರಿ. ನಿಮ್ಮ ಕಣ್ಣಿಗೆ ಬೀಳದೆ ಅವನು ಹೇಗೆ ಆಚೆ ಬಂದ?"

"ನಾನು ಊಟಕ್ಕೆ ಎದ್ದಾಗ ಬಂದಿರ್ಬೇಕು ಅಂದ್ಕೊಂಡೆ." ವಾಚರ ಹಲಗೆಯನ್ನೂ ಅವಳನ್ನೂ ನೋಡಿದ. "ಇಲ್ಲಿ ಆಚೆ ಅಂದ್ರೆ ಇದೇ ಅಲ್ವಾ ಮೇಡಂ? ಬೇರೆ ಯಾವ ಆಚೆ ಇದೆ?"

 ನಿನ್ನೆ ಅವಳೂ ಅದನ್ನೇ ಬರೆಸಿದ್ದಳಲ್ಲ.

ಆಗಲೇ ಹೊತ್ತು ಇಳಿಯುತ್ತಿತ್ತು. ಹೊಳೆಯ ತನಕ ಅರ್ಧ ದಿನದ ನಡಿಗೆ, ಅದೂ ಬಂಡೆ ಹತ್ತಿ ಇಳಿದು. "ಈಗ ಹೊರಟ್ರೆ ನಾಳೆ ನಿಮ್ಮನ್ನೂ ಹುಡುಕಬೇಕಾಗುತ್ತೆ" ಎಂದ ವಾಚರ. ಜಿಲ್ಲಾ ಕಚೇರಿಗೆ ಹೆಲಿಕಾಪ್ಟರ್ ಕೇಳಿ ಫೋನ್ ಮಾಡಿದಳು. ಮೋಡ ಸರಿಯಲಿ ಎಂದರು. ದಫೇದಾರ ಜೀಪಿನ ಮೈಕು ತೆಗೆದು ಕಾಡಿನ ಕಡೆಗೆ ತಮ್ಮನ ಹೆಸರು ಹಿಡಿದು ಕೂಗಿದ. ಕೂಗಿ ಕೂಗಿ ಗಂಟಲು ಕಟ್ಟಿತು. ಕೊನೆಗೆ ವಾಚರನೇ, "ಸುಮ್ನಿರಿ ಸ್ವಾಮಿ. ಇದು ಕೇಳೋದು ಈ ಮರಗಳಿಗೆ ಮಾತ್ರ" ಎಂದ.

ಗುರುವಾರ ಬೆಳಕು ಹರಿಯುತ್ತಲೇ ಹೊರಟರು. ಇನ್‌ಸ್ಪೆಕ್ಟರ್, ದಫೇದಾರ, ಇಬ್ಬರು ಕಾನ್‌ಸ್ಟೆಬಲ್‌ಗಳು; ದಾರಿಗೂ ಪಂಚ ಸಾಕ್ಷಿಗಳಾಗಿಯೂ ವಾಚರ ಮತ್ತವನ ಭಾವಮೈದ. ಹೊಳೆ ದಾಟಲು ಹಗ್ಗ ಹೊತ್ತುಕೊಂಡು ಹೋಗಿದ್ದರು. ಹಗ್ಗ ಬಿಚ್ಚುವ ಪ್ರಸಂಗವೇ ಬರಲಿಲ್ಲ. ನೀರಿನ ಸದ್ದು ಕೇಳುವಷ್ಟರಲ್ಲಿ ಮುಂದೆ ಹೋಗುತ್ತಿದ್ದ ಕಾನ್‌ಸ್ಟೆಬಲ್ ನಿಂತುಬಿಟ್ಟ.

ಚಾಚಿಕೊಂಡ ಬಂಡೆಯ ಕೆಳಗೆ ಅವನು ಒರಗಿ ಕೂತಿದ್ದ. ಬಲಗಾಲಿಗೆ ಡೇರೆಯ ಎರಡು ಕೋಲು ಇಟ್ಟು, ಹರಿದ ಪಟ್ಟಿಗಳಿಂದ ಬಿಗಿದು ಕಟ್ಟಿತ್ತು. ಕಟ್ಟಿದ ಕೈ ಅಭ್ಯಾಸವಿದ್ದದ್ದು. ಗಂಟುಗಳೆಲ್ಲ ಒಂದೇ ಅಳತೆ. ಎದೆಯ ಮೇಲೆ ಶಾಲೆಯ ಹೆಸರಿದ್ದ ಮಳೆ ಕೋಟು. ಕೊರಳಲ್ಲಿ ಕೆಂಪು ಹಳದಿ ದಾರದ ಸೀಟಿ.

ವಾಚರ ಕೈ ಮುಟ್ಟಿ ನೋಡಿದ, ತಣ್ಣಗಿತ್ತು. ದಫೇದಾರ ಪಂಚನಾಮೆ ಬರೆಯಲು ಬಂಡೆಯ ಮೇಲೆ ಕೂತ. ಸ್ವಲ್ಪ ಬರೆದು ತಲೆಯೆತ್ತಿದ.

"ಈಚೆ ದಡ ಅಂತ ಬರೀಲಾ ಮೇಡಂ?"

"ಬೇಡ. ಗೇಟಿನ ಕಡೆಯ ದಡ ಅಂತ ಬರೀರಿ."

ಅವನನ್ನು ಹೊತ್ತು ತರಲು ಸಂಜೆಯಾಯಿತು. ಮಂಗಳವಾರ ಕಾಡಿನಿಂದ ಬಂದಿದ್ದ ಇಬ್ಬರು ಚಾರಣಿಗರನ್ನು ಫೋನಿನಲ್ಲಿ ವಿಚಾರಿಸಿದಾಗ, ಸೋಮವಾರ ಮೇಲಿನ ಬೆಟ್ಟದಲ್ಲಿದ್ದಾಗ ಸೀಟಿ ಕೇಳಿಸಿತ್ತು ಎಂದರು. "ಯಾವುದೋ ಶಾಲೆಯವರು ಮಕ್ಕಳನ್ನ ಕರ್ಕೊಂಡು ಬಂದಿದಾರೆ ಅಂದ್ಕೊಂಡ್ವಿ."

ಶುಕ್ರವಾರ ಕ್ಯಾಪ್ಟನ್ ಮನೆಯ ಬಾಗಿಲು ತೆರೆದೇ ಇತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಇನ್‌ಸ್ಪೆಕ್ಟರ್ ಸೀಟಿಯನ್ನು ಪ್ಲಾಸ್ಟಿಕ್ ಚೀಲದೊಳಗಿಂದಲೇ ತೋರಿಸಿದಳು.

"ನಾನೇ ಕೊಟ್ಟಿದ್ದು" ಎಂದ. "ಆಗಾಗ ಊದ್ತಿರು, ಜನ ಕರ್ಕೊಂಡು ಬರ್ತೀನಿ ಅಂದೆ. ಜನ ಕರೆಯೋಕೇ ಬಂದಿದ್ದು ಮೇಡಂ. ದೇವರಾಣೆಗೂ."

"ಮತ್ತೆ ಗೇಟಲ್ಲಿ ಯಾಕೆ ಹೇಳ್ಲಿಲ್ಲ?"

ಹೋದ ವರ್ಷ ಇದೇ ಕಾಡಿಗೆ ಕರೆದೊಯ್ದ ಶಾಲೆಯ ಹುಡುಗನೊಬ್ಬ ಕೈ ಮುರಿದುಕೊಂಡಿದ್ದ. ಇನ್ನೊಮ್ಮೆ ಯಾರನ್ನೂ ಅಲ್ಲಿಗೆ ಕರೆದೊಯ್ಯುವುದಿಲ್ಲ, ಕರೆದೊಯ್ದರೆ ಕೆಲಸ ಬಿಡುತ್ತೇನೆ ಎಂದು ಕ್ಯಾಪ್ಟನ್ ಶಾಲೆಯವರ ಮುಂದೆ ಒಪ್ಪಿಕೊಂಡಿದ್ದ. ಈ ಸಲ ತಮ್ಮನೇ ಪೀಡಿಸಿ ಹೊರಡಿಸಿದ್ದು. ಗೇಟಿಗೆ ಬರುವ ತನಕ ಕ್ಯಾಪ್ಟನ್ ಬಾಯಲ್ಲಿ 'ಕಾಲು ಮುರಿದಿದೆ' ಎಂಬ ಮಾತೇ ಇತ್ತಂತೆ. ವಾಚರ, "ಏನ್ ಕ್ಯಾಪ್ಟನ್, ಹೋದ ವರ್ಷದ್ದು ಸಾಲದೆ ಮತ್ತೆ ಬಂದ್ಬಿಟ್ರಾ? ಇನ್ನೊಬ್ಬರೆಲ್ಲಿ?" ಎಂದು ನಕ್ಕ. ಅಷ್ಟಕ್ಕೇ ಬಾಯಿ ಬೇರೆ ಮಾತು ಆಡಿಬಿಟ್ಟಿತು.

"ಬೆಳಿಗ್ಗೆ ನಾನೇ ಹೋಗಿ ಹೊತ್ತು ತರ್ತೀನಿ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಸೋಮವಾರ ಹೋದೆ. ಮಳೆ ಅಂತ ಗೇಟು ಮುಚ್ಚಿದ್ರು. ಮಂಗಳವಾರಾನೂ ಹೋದೆ, ಆಗ್ಲೂ ಮುಚ್ಚಿತ್ತು. ಹೆಂಡತಿ ತವರಿಗಲ್ಲ."

"ಆಗಾದ್ರೂ ಹೇಳ್ಬಹುದಿತ್ತಲ್ಲ ರೀ!" ದಫೇದಾರನಿಗೆ ತಡೆಯಲಾಗಲಿಲ್ಲ.

"ಹೇಳೋಕೆ ಹೋದ್ರೆ ನಿನ್ನೆ ಯಾಕೆ ಹೇಳ್ಲಿಲ್ಲ ಅಂತಾರಲ್ಲ ಸಾರ್."

"ಬುಧವಾರ ನಾನೇ ಬಂದು ಕೇಳಿದೆ" ಎಂದಳು ಇನ್‌ಸ್ಪೆಕ್ಟರ್. "ಆಗಲೂ ಸುಳ್ಳೇ ಹೇಳಿದ್ರಿ."

"ಹೊಳೆ ಅಂತ ಹೇಳಿದೆನಲ್ಲ. ಆಚೆ ಹೋಗೋಕಾದ್ರೂ ಈಚೆ ದಡಕ್ಕೆ ಬರಲೇಬೇಕಲ್ಲ, ನೋಡೇ ನೋಡ್ತೀರಿ ಅಂದ್ಕೊಂಡೆ."

ದಫೇದಾರ ಅವನಿಗೆ ಕೋಳ ತೊಡಿಸಿದ. ಯಾವ ಸೆಕ್ಷನ್ ಹಾಕುವುದೆಂದು ಸರ್ಕಾರಿ ವಕೀಲರು ಎರಡು ಸಲ ಪುಸ್ತಕ ತಿರುವಿದರು. ಕೊಲ್ಲುವ ಮನಸ್ಸು ಅವನಿಗೆ ಇರಲಿಲ್ಲ. ಕೆಟ್ಟ ಮನುಷ್ಯನೂ ಅಲ್ಲ. ತನ್ನ ಕೋಟು ಬಿಚ್ಚಿ ಹೊದಿಸಿ, ಚಳಿಯಲ್ಲಿ ಅಷ್ಟು ದೂರ ಓಡೋಡಿ ಬಂದವನು. ಗೇಟಿನಲ್ಲಿ ಒಂದು ನಗುವಿಗೆ ನಾಚಿದ, ಅಷ್ಟೆ. ಆಮೇಲೆ ಆ ನಾಚಿಕೆಯನ್ನೇ ದಿನವೂ ಕಾಯ್ದ.

ಮರಣೋತ್ತರ ವರದಿ ಶನಿವಾರ ಬಂತು. ಅಕ್ಕ ದೇಹ ಪಡೆದದ್ದಕ್ಕೆ ಸಹಿ ಹಾಕಲು ಬಂದಿದ್ದಳು. ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ ಕೊಟ್ಟಳು.

"ಯಾವತ್ತಿನ ತನಕ ಜೀವ ಇತ್ತಂತೆ ಮೇಡಂ?"

ಇನ್‌ಸ್ಪೆಕ್ಟರ್ ದಫೇದಾರನ ಕಡೆ ನೋಡಿದಳು. ಅವನು ಕಿಟಕಿಯ ಕಡೆ ತಿರುಗಿದ.

"ಬುಧವಾರ ಬೆಳಗಿನ ಜಾವದ ತನಕ."

ಅಕ್ಕ ಅಳಲಿಲ್ಲ.

"ನಾನು ಮಂಗಳವಾರ ಬೆಳಿಗ್ಗೆ ಬಂದಿದ್ದೆ" ಎಂದಳು.

"ಹೌದಮ್ಮ" ಎಂದಳು ಇನ್‌ಸ್ಪೆಕ್ಟರ್. "ಬಂದಿದ್ರಿ."