ಇಪ್ಪತ್ತಮೂರನೆಯ ಪ್ರಶ್ನೆ

"ನಾನು ನಿಮ್ಮನ್ನೇ ಕೇಳ್ತಿರೋದು!"

ಉನೈಸಿಯ ದನಿ ಅವಳಿಗೇ ತಿಳಿಯದಂತೆ ಏರಿತ್ತು. ದೊಡ್ಡ ಗರಗಸ ನಿಂತಿತ್ತು. ಮರದ ಮಿಲ್ಲಿನ ಅಷ್ಟೂ ಜನ ಕೆಲಸ ಬಿಟ್ಟು ನೋಡುತ್ತಿದ್ದರು.

ಅವನು ಮಾತ್ರ ನೋಡಲಿಲ್ಲ.

ಎಮೋಸಿ... ಗರಗಸ ನಡೆಸುವವನು. ಅವಳು ಚಾಚಿದ ಫಾರಂ ತೆಗೆದುಕೊಂಡು, ತಲೆ ತಗ್ಗಿಸಿ, ಬೆನ್ನು ತಿರುಗಿಸಿ ಹೊರಟೇಹೋದ. ಒಂದೇ ಒಂದು ಮಾತಿಲ್ಲ!

'ಎಷ್ಟು ಸೊಕ್ಕು ಇವನಿಗೆ!'

ಆದರೆ ನಿನ್ನೆ ಬಸ್ಸಿನಿಂದ ಇಳಿದಾಗ ಅವಳ ಚೀಲ ಎತ್ತಿಕೊಂಡು ನಕ್ಕವನೂ ಇವನೇ. ಆ ನಗು ರಾತ್ರಿಯೆಲ್ಲ ಅವಳ ಕಣ್ಣಲ್ಲಿತ್ತು. ಕಚೇರಿಯ ಗುಮಾಸ್ತ "ಉನೈಸಿ ರವುಲೋ ಅಂದ್ರೆ ನೀವೇನಾ?" ಎಂದು ಕೇಳಿದ ಕ್ಷಣ ಅವನ ಮುಖದ ಮೇಲೆ ಅದು ಆರಿಹೋಗಿತ್ತು. ಅವನು ಚೀಲ ಕೆಳಗಿಟ್ಟು ಹೊರಟುಬಿಟ್ಟಿದ್ದ.

ಯಾಕೆ? ನನ್ನ ಹೆಸರಲ್ಲಿ ಏನಿದೆ?

ರಾಜಧಾನಿ ಸುವಾದಿಂದ ಇನ್ನೊಂದು ದ್ವೀಪದ ಲಂಬಾಸದ ಈ ಮಿಲ್ಲಿಗೆ ಅವಳು ಬಂದದ್ದು ಒಂದು ವಾರದ ಕೆಲಸಕ್ಕೆ. ತರಬೇತಿ ಕೊಡುವ ಮೊದಲು, ಯಾರಿಗೆ ಏನು ಗೊತ್ತಿಲ್ಲ, ಏನು ಕಲಿಸಬೇಕು ಎಂದು ಕೇಳಿ ತಿಳಿದು ವರದಿ ಬರೆಯಬೇಕು. ಹಗಲು ಬಟ್ಟೆ ಅಂಗಡಿಯಲ್ಲಿ ನಿಂತು, ಸಂಜೆ ತರಗತಿಯಲ್ಲಿ ಕಲಿತ ವಿದ್ಯೆ. ಇದೇ ಮೊದಲ ಅವಕಾಶ. ತಪ್ಪಿದರೆ...?

ಮೂರು ವಾರದ ಹಿಂದೆ ಹಲಗೆಯೊಂದು ಗರಗಸದಿಂದ ಸಿಡಿದು, ಇನ್ನೊಂದು ತುದಿಯಲ್ಲಿ ನಿಂತಿದ್ದ ವಿಕಾ ಎಂಬ ಹುಡುಗಿಯ ಮಣಿಕಟ್ಟು ಮುರಿದಿತ್ತು. ಅದು ಸಿಡಿಯುವುದನ್ನು ಎಮೋಸಿ ಮೊದಲೇ ಕಂಡಿದ್ದ. 'ಪಕ್ಕಕ್ಕೆ ಸರಿ!' ಎಂದು ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ.

"ಇವರಿಗೆ ಬಾಯಿ ಬಿಡೋದು ಕಲಿಸಿ, ಮಿಸ್" ಎಂದಿದ್ದ ಮ್ಯಾನೇಜರ್. "ಎರಡು ದಿನದ ಕ್ಲಾಸ್ ಸಾಕು. ಆ ಎಮೋಸಿ ಕಲಿಯೋ ಪೈಕಿ ಅಲ್ಲ ಅಂತ ನೀವು ಬರೆದುಕೊಟ್ರೆ, ಶುಕ್ರವಾರವೇ ಅವನನ್ನ ಮನೆಗೆ ಕಳಿಸ್ತೀನಿ."

ಸಂಜೆ ಫಾರಂ ವಾಪಸು ಬಂತು. ಇಪ್ಪತ್ತೆರಡು ಪ್ರಶ್ನೆಗೂ ಉತ್ತರ, ದುಂಡು ಅಕ್ಷರದಲ್ಲಿ.

ಅಪಾಯ ಕಂಡರೆ ಏನು ಮಾಡಬೇಕು? ಕೂಗಬೇಕು.

ಇದು ನಿಮಗೆ ಮೊದಲೇ ಗೊತ್ತಿತ್ತೇ? ಗೊತ್ತಿತ್ತು.

ನಿಮಗೆ ಏನು ಕಲಿಸಬೇಕು? ಏನೂ ಬೇಡ.

ಉನೈಸಿಯ ಎದೆ ಉರಿಯಿತು. ಗೊತ್ತಿದ್ದೂ ಸುಮ್ಮನಿದ್ದನೇ? ಇಂಥವನ ನಗುವನ್ನೇ ನಾನು...!

'ಈ ವ್ಯಕ್ತಿಗೆ ಕಲಿಯುವ ಮನಸ್ಸಿಲ್ಲ' ಎಂದು ಬರೆದು, ಆ ಹಾಳೆಯನ್ನು ಮ್ಯಾನೇಜರ್ ಕೈಗೆ ಕೊಟ್ಟಳು. ಕೊಟ್ಟ ಮೇಲೆ ಊಟ ಸೇರಲಿಲ್ಲ.

ಗುರುವಾರ ಚಹಾದ ಹೊತ್ತಿಗೆ, ಹಲಗೆ ವಿಂಗಡಿಸುವ ಮುದುಕಿ ತೊರಿಕಾ ಬೇಯಿಸಿದ ಮರಗೆಣಸಿನ ತಟ್ಟೆ ಹಿಡಿದು ಅವಳ ಪಕ್ಕ ಬಂದು ಕೂತಳು. ಮಿಲ್ಲಿಗೆಲ್ಲ ಅವಳು ಅಜ್ಜಿ. ಬೂಬು ಎಂದೇ ಕರೆಯುವುದು.

"ಏನೇ ಟೀಚರಮ್ಮ, ನಮ್ಮ ಹುಡುಗನ ಅನ್ನಕ್ಕೆ ಕಲ್ಲು ಹಾಕಿದ್ಯಂತೆ?"

"ಬೂಬು, ಅವರು ಕೂಗಬೇಕಿತ್ತು. ಕೂಗಲಿಲ್ಲ."

"ವಿಕಾ ಅವನಿಗೆ ಏನಾಗಬೇಕು ಅಂತ ಕೇಳಿದ್ಯಾ?"

"...ಇಲ್ಲ."

"ಅಷ್ಟೊಂದು ಪ್ರಶ್ನೆಯಲ್ಲಿ ಇದೊಂದು ಇರಲಿಲ್ವಾ? ಅವಳಪ್ಪ, ಇವನಪ್ಪ ಅಣ್ಣತಮ್ಮಂದಿರು. ತಂಗಿ ಕಣೇ ಅವಳು! ಬುದ್ಧಿ ಬಂದಾಗಿಂದ ಅವಳ ಹತ್ರ ಒಂದು ಮಾತಾಡಿದವನಲ್ಲ, ಮುಖ ಎತ್ತಿ ನೋಡಿದವನಲ್ಲ. ಆವತ್ತು ಬಾಯಿ ತೆರೆದ, ನಾನೇ ನೋಡಿದೆ. ಅಷ್ಟು ವರ್ಷದ ಮರ್ಯಾದೆ ಗಂಟಲಲ್ಲಿ ಕೂತಿತ್ತು. ದನಿ ಬರಲಿಲ್ಲ."

ಉನೈಸಿ ಲೋಟ ಕೆಳಗಿಟ್ಟಳು. ಅಣ್ಣತಂಗಿ ಮಾತಾಡಬಾರದೆಂಬ ಕಟ್ಟಳೆ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಸುವಾದಲ್ಲಿ ಅದನ್ನು ಯಾರು ನೆನೆಯುತ್ತಾರೆ? ಮಾತಾಡಬಾರದ ಇಬ್ಬರನ್ನು ಒಂದೇ ಗರಗಸದ ಎರಡು ತುದಿಗೆ ನಿಲ್ಲಿಸಿ, ಬಾಯಿ ಬಿಡುವುದನ್ನು ಕಲಿಸಲು ಬಂದಿದ್ದೆನೇ ನಾನು!

"ಹಾಗಾದ್ರೆ... ನನ್ನ ಹತ್ರ ಯಾಕೆ ಮಾತಾಡಲ್ಲ?"

"ನೀನೂ ತಂಗಿಯೇ ಅಲ್ವಾ? ರವುಲೋ ಮಗಳು. ರವುಲೋ ಇವನಪ್ಪನಿಗೆ ಕುಲದಲ್ಲಿ ತಮ್ಮ."

"ಅಯ್ಯೋ ಬೂಬು, ನಾನು ಅವರ ಮಗಳಲ್ಲ! ಅವರು ನನ್ನ ಸೋದರಮಾವ. ಅಪ್ಪ ಬಿಟ್ಟುಹೋದ್ಮೇಲೆ ಸಾಕಿದವರು. ಶಾಲೆಯಲ್ಲಿ ಅವರ ಹೆಸರೇ ಬರೆಸಿದ್ರು..."

ತೊರಿಕಾಳ ಬಾಯಿಗೆ ಹೊರಟಿದ್ದ ಮರಗೆಣಸು ಅಲ್ಲೇ ನಿಂತಿತು.

"ಅಮ್ಮನ ಕಡೆಯವಳಾ? ಹಾಗಾದ್ರೆ ನೀನು ಅವನಿಗೆ ಅತ್ತೆ ಮಗಳು! ಅತ್ತೆ ಮಗಳನ್ನ ಗೋಳು ಹೊಯ್ಕೊಳ್ಳದವನು ನಮ್ಮೂರಲ್ಲಿ ಗಂಡಸೇ ಅಲ್ಲ ಕಣೇ!"

ಮುದುಕಿ ನಕ್ಕಳು. ಉನೈಸಿಗೆ ನಗಲಾಗಲಿಲ್ಲ. ನಾಳೆ ಶುಕ್ರವಾರ!

ಅವಳು ಕಚೇರಿಗೆ ಓಡಿದಳು.

"ಸರ್, ಆ ಹಾಳೆ ವಾಪಸ್ ಕೊಡಿ. ನಾನು ಬರೆದಿದ್ದು ತಪ್ಪು."

"ಏನು ತಪ್ಪು?"

"ಇಲ್ಲಿ ತರಬೇತಿಯಿಂದ ಸರಿಹೋಗೋದು ಏನೂ ಇಲ್ಲ. ಅವರಿಗೆಲ್ಲ ಗೊತ್ತಿದೆ. ಗೊತ್ತಿಲ್ಲದೆ ಇದ್ದದ್ದು ನಮಗೆ. ಯಾರ ಎದುರು ಯಾರನ್ನ ನಿಲ್ಲಿಸಬಾರದು ಅಂತ ತೊರಿಕಾ ಬೂಬುನ ಕೇಳಿ. ಗರಗಸದ ಎರಡೂ ತುದಿಗೆ ಕಾಲಲ್ಲಿ ಒತ್ತೋ ಗಂಟೆ ಹಾಕಿಸಿ."

"ಮಿಸ್, ಕ್ಲಾಸ್ ಬೇಡ ಅಂದ್ರೆ ನಿಮಗೂ ಇಲ್ಲಿ ಕೆಲಸ ಇಲ್ಲ. ಗೊತ್ತಲ್ವಾ?"

"ಗೊತ್ತು ಸರ್."

ಆದರೂ ಅವಳು ಫಾರಂನ ಕೊನೆಗೆ ಇಪ್ಪತ್ತಮೂರನೆಯ ಪ್ರಶ್ನೆಯನ್ನು ಕೈಯಿಂದಲೇ ಬರೆದು ಸೇರಿಸಿದಳು: 'ನಿಮ್ಮ ಎದುರು ನಿಲ್ಲುವವರು ನಿಮಗೆ ಏನಾಗಬೇಕು?'

ಮ್ಯಾನೇಜರ್ ಅದನ್ನು ಎರಡು ಸಲ ಓದಿದ. "ಸರಿ, ಅವನು ಇರಲಿ" ಎಂದ. ನಿಮ್ಮನ್ನು ಮತ್ತೆ ಕರೆಸುತ್ತೇವೆ ಎಂದು ಮಾತ್ರ ಹೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವಳು ಬಸ್ಸಿಗೆ ಕಾಯುತ್ತಿದ್ದಳು. ಹಿಂದೆ ಹೆಜ್ಜೆ ಸಪ್ಪಳವಾಯಿತು.

ಎಮೋಸಿ! ಬೂಬು ಅವನಿಗೆ ಎಲ್ಲ ಹೇಳಿರಬೇಕು, ನೇರವಾಗಿ ಅವಳ ಮುಖವನ್ನೇ ನೋಡುತ್ತಿದ್ದ. ಆ ಕಣ್ಣುಗಳಲ್ಲಿ ಎಷ್ಟು ದಿನಗಳ ನಿದ್ದೆ ಬಾಕಿಯಿತ್ತೋ...

"ವಿಕಾ ಕೈ ಇನ್ನು ಮುಷ್ಟಿ ಕಟ್ಟಲ್ಲಂತೆ" ಎಂದ. ಅವಳೊಂದಿಗೆ ಅವನಾಡಿದ ಮೊದಲ ಮಾತು. "ಗಂಟೆ ಹಾಕಿದ್ರೂ ಅದು ಸರಿಹೋಗಲ್ಲ."

"ಹೌದು... ಸರಿಹೋಗಲ್ಲ."

"ತಪ್ಪಾಯ್ತು ಅಂತ ಅವಳಿಗೆ ಹೇಳೋಕೂ ನನಗೆ ಬಾಯಿಲ್ಲ."

ಬಸ್ಸು ಬಂತು. ಅದನ್ನು ನಿಲ್ಲಿಸಲು ಅವಳು ಕೈ ಎತ್ತಲಿಲ್ಲ. ಧೂಳೆಬ್ಬಿಸಿಕೊಂಡು ಅದು ಹೊರಟುಹೋಯಿತು.

"ನನಗೆ ಬಾಯಿದೆಯಲ್ಲ" ಎಂದಳು ಮೆಲ್ಲಗೆ. "ವಿಕಾ ಮನೆಗೆ ಹೋಗೋಣ. ನೀನು ಹೊರಗೆ ನಿಂತಿರು. ನಿನ್ನ ಮಾತನ್ನ ನಾನು ಒಳಗೆ ಹೋಗಿ ಹೇಳ್ತೀನಿ."

ಅವನು ಅವಳ ಚೀಲ ಎತ್ತಿಕೊಂಡ. ಕಬ್ಬಿನ ಗದ್ದೆಯ ಪಕ್ಕ ಇಬ್ಬರೂ ನಡೆದರು. ಬಹಳ ದೂರ ಹೋದ ಮೇಲೆ ಅವನೇ ಕೇಳಿದ.

"ಅಪ್ಪ ನಮ್ಮ ಪದ್ಧತಿ ಪ್ರಕಾರ ತಿಮಿಂಗಿಲದ ಹಲ್ಲು ಹಿಡ್ಕೊಂಡು ಹೆಣ್ಣು ಕೇಳೋಕೆ ನಿನ್ನ ಮಾವನ ಮನೆಗೆ ಬರಬೇಕು ಅಂದ್ರೆ... ಬರಬಹುದಾ?"

ಅವಳ ಕಾಲು ನಿಂತಿತು.

"ಬೇಗ ಹೇಳು. ಹೆಲ್ಮೆಟ್ ಹಾಕ್ಕೊಂಡ್ರೆ ಬೋರಲು ಹಾಕಿದ ಮಡಕೆ ನಡೆದು ಬಂದಂಗೆ ಕಾಣ್ತೀಯ. ನಿನ್ನನ್ನ ಬೇರೆ ಯಾರೂ ಕೇಳಲ್ಲ."

ಉನೈಸಿಯ ಕಣ್ಣು ತುಂಬಿ ಹರಿಯಿತು. ಅವನು ಗಾಬರಿಯಾದ.

"ಅಳ್ತಿದ್ದೀಯಾ? ಜಾಸ್ತಿ ಬೈದ್ನಾ?"

"ಇಲ್ಲ ಕಣೋ... ಇನ್ನೊಂದ್ಸಲ ಬೈಯಿ."