ಬಾಂತಾಯ್‌ಗೆ ಇಟ್ಟ ಹೊಸ ಹೆಸರು

"ನಿನ್ನ ಕಾವಲು ನಾಯಿ ಗೊರಕೆ ಹೊಡೀತಿತ್ತಾ, ಇಸಿದ್ರೊ?"

ಇಡೀ ಆಫೀಸಿಗೆ ಕೇಳುವಂತೆ ಕೇಳಿದಳು ಜೊವೆಲಿನ್. ಫಿಲಿಪ್ಪೀನ್ಸ್‌ನ ಇಲೊಯಿಲೊ ಬಂದರಿನ ದೋಣಿ ಕಂಪನಿಯಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಅವಳು. ಹೊರಗೆ ಟಿಕೆಟ್ ಸಿಗದ ಜನ ಬೊಬ್ಬೆ ಹೊಡೆಯುತ್ತಿದ್ದರು. ಸರ್ವರ್‌ನಲ್ಲಿ ಟಿಕೆಟ್ ಪ್ರೋಗ್ರಾಂ ಸತ್ತು ಮೂರು ಗಂಟೆಯಾಗಿತ್ತು. ಅದನ್ನು ಕಾಯಲೆಂದು ಅವಳ ಕೈಕೆಳಗಿನ ಇಸಿದ್ರೊ ಬರೆದಿದ್ದ ಪುಟ್ಟ ಸ್ಕ್ರಿಪ್ಟ್ ಮಾತ್ರ ನಿಮಿಷಕ್ಕೊಮ್ಮೆ 'ಬದುಕಿದೆ' ಎಂದು ಗೀಚುತ್ತಲೇ ಇತ್ತು!

"ತಪ್ಪು ನಂದೇ, ಮೇಡಂ."

"ಮತ್ತಿನ್ಯಾರದ್ದು? ಬಾಚೊಯ್ ಸೂಪ್ ಹೀರೋದ್ರಲ್ಲಿರೋ ಶ್ರದ್ಧೆ ಕೆಲಸದಲ್ಲೂ ಇರಬೇಕು!"

ಎರಡು ವರ್ಷದಿಂದ ಅವನು ತರುತ್ತಿದ್ದ ಬಾಚೊಯ್‌ನಲ್ಲಿ ಅರ್ಧ ಇವಳ ಹೊಟ್ಟೆಗೇ ಹೋಗುತ್ತಿತ್ತು. ಅವನ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದಳು. ಆದರೆ ಬೈಗುಳ ಬಿಟ್ಟು ಬೇರೆ ಮಾತೇ ಬಾರದ ಹೆಣ್ಣಿನ ಪ್ರೀತಿ ಗೊತ್ತಾಗುವುದಾದರೂ ಹೇಗೆ?

ಮ್ಯಾನೇಜರ್ ಒಲಿವೆರೋಸ್‌ಗೆ ಸರ್ವರ್ ಎಂದರೆ ಫ್ಯಾನ್ ಇರುವ ಪೆಟ್ಟಿಗೆ, ಅಷ್ಟೇ. ಬಲಿಗೆ ಕುರಿ ಹುಡುಕುವುದು ಮಾತ್ರ ಚೆನ್ನಾಗಿ ಗೊತ್ತಿತ್ತು.

"ರಾಜೀನಾಮೆ ಕೊಟ್ಟು ಮನೆಗೆ ಹೊರಡಪ್ಪ," ಎಂದ ಇಸಿದ್ರೊಗೆ. ಅವನು ಚೀಲ ಎತ್ತಿಕೊಂಡು ಹೊರಟ.

'ಹೋಗಲಿ, ದಂಡಪಿಂಡ!' ಎಂದುಕೊಳ್ಳುತ್ತ ಜೊವೆಲಿನ್ ಸ್ಕ್ರಿಪ್ಟ್ ತೆರೆದಳು.

ಹೆಸರಲ್ಲಿ 'ಟಿಕೆಟ್' ಎಂದಿರುವುದು ಏನಾದರೂ ಸರ್ವರ್‌ನಲ್ಲಿ ಓಡುತ್ತಿದೆಯೇ ಎಂದು ಅದು ಹುಡುಕುತ್ತಿತ್ತು. ಇಲ್ಲದಿದ್ದರೆ ಪ್ರೋಗ್ರಾಂ ಅನ್ನು ಮತ್ತೆ ಎಬ್ಬಿಸುತ್ತಿತ್ತು. ಸ್ಕ್ರಿಪ್ಟ್‌ಗೆ ಅವನು ಮೊದಲು ಇಟ್ಟಿದ್ದ ಹೆಸರು ಬಾಂತಾಯ್, ಆ ಊರಲ್ಲಿ ಬೀದಿಗೆರಡು ನಾಯಿಗಿರುವ ಹೆಸರು. ಹೋದ ವಾರ ಅದನ್ನು 'ಟಿಕೆಟ್ ಕಾವಲು' ಎಂದು ಬದಲಿಸಿದ್ದ. ಇವತ್ತು ಪ್ರೋಗ್ರಾಂ ಸತ್ತಾಗ, ಕಾವಲು ತನ್ನ ಹೆಸರನ್ನೇ ಕಂಡು 'ಟಿಕೆಟ್ ಇದೆಯಲ್ಲ' ಎಂದು ತೃಪ್ತಿಪಟ್ಟಿತ್ತು!

"ಇದೇನು ಆಫೀಸೋ, ನಾಯಿಗೂಡೋ? ಟಿಕೆಟ್ ಕಾವಲು ಅಂತ ಮರ್ಯಾದೆಯ ಹೆಸರಿಡು!" ಎಂದು ಕಿರುಚಿದ್ದು ಯಾರು? ತಾನೇ! "ಒಂದ್ಸಲ ಪರೀಕ್ಷೆ ಮಾಡಿ ನೋಡ್ತೀನಿ..." ಎಂದವನ ಬಾಯಿ ಮುಚ್ಚಿಸಿದ್ದೂ ತಾನೇ!

ಅವಳು ನೇರ ಒಲಿವೆರೋಸ್‌ನ ಕೋಣೆಗೆ ನುಗ್ಗಿದಳು.

"ಸರ್, ತಪ್ಪು ನಂದು. ರಾಜೀನಾಮೆ ಬೇಕಿದ್ರೆ ನಂದು ತಗೊಳ್ಳಿ."

ಇಬ್ಬರೂ ಹೋದರೆ ಪೆಟ್ಟಿಗೆ ನೋಡುವವರು ಯಾರು ಎಂಬುದು ಆ ಮಹಾನುಭಾವನಿಗೆ ಹೊಳೆದದ್ದೇ ಆಗ. ರಾಜೀನಾಮೆಯ ಮಾತು ಅಲ್ಲಿಗೇ ನಿಂತಿತು.

ಇಸಿದ್ರೊ ಊರಿಗೆ ಹೋಗುವ ದೋಣಿಗಾಗಿ ಟಿಕೆಟ್ ಸಾಲಿನಲ್ಲಿ ನಿಂತಿದ್ದ. ಅವಳು ಓಡಿಬಂದು ಅವನ ತೋಳು ಹಿಡಿದಳು.

"ಯಾಕೆ ಹೇಳಲಿಲ್ಲ, ಪೆದ್ದ?"

"ಎಲ್ಲರ ಮುಂದೆ ನಿಮಗೆ ಅವಮಾನ ಆಗ್ತಿತ್ತು."

"ನಾನು ನಿನಗೆ ಮಾಡಿದ್ನಲ್ಲ!"

"ನನಗೆ ಅಭ್ಯಾಸ, ಮೇಡಂ. ನೀವು ಬೈಯದ ದಿನ ಊಟ ಸೇರಲ್ಲ."

ಅವಳ ಕಣ್ಣು ತುಂಬಿತು. "ಬಾಂತಾಯ್ ಹೆಸರು ವಾಪಸ್ ಇಡು. ನೀನೂ ವಾಪಸ್ ಬಾ. ನೀನಿಲ್ದೆ ನನಗಾಗಲ್ಲ... ಪ್ರೀತಿಸ್ತೀನಿ ಕಣೋ, ದಡ್ಡ!"

ಅವನು ಚೀಲವನ್ನು ಕೆಳಗಿಟ್ಟ.

"ಹಾಗಾದ್ರೆ ಇನ್ಮೇಲೆ ನಿಮಿಷಕ್ಕೊಮ್ಮೆ ಕೇಳ್ತೀನಿ, ಜೊವೆಲಿನ್. ಇದ್ದೀಯಾ?"

"ಇದ್ದೀನಿ. ಆದ್ರೆ ಉತ್ತರ ನನ್ನ ಬಾಯಿಂದಲೇ ಕೇಳು... ನಿನ್ನ ನಾಯಿ ಥರ ನಿನ್ನನ್ನೇ ನೋಡ್ಕೊಂಡು 'ಇದ್ದಾಳೆ' ಅಂದ್ಕೋಬೇಡ!"